ಹುಳದ ಮನೆಯ ನ್ಯಾಯ

ನಮ್ಮತ್ತೆ ಆಸ್ಪತ್ರೆಯಿಂದ ಓಡಿಹೋದರು.

ತಮಾಷೆಯಲ್ಲ. ಎಂಟು ತಿಂಗಳ ಮೊಮ್ಮಗ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಸಿಕೊಂಡು ಮಲಗಿದ್ದ. ಅವನ ತಾಯಿ, ಅಂದರೆ ಅತ್ತೆಯ ಸ್ವಂತ ಮಗಳು, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ನಾಲ್ಕು ವರ್ಷದ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ಯಾರಿಗೂ ಒಂದು ಮಾತು ಹೇಳದೆ, ಕೋಲಾರದ ಬಸ್ ಸ್ಟ್ಯಾಂಡಿಗೆ ನಡೆದುಹೋಗಿ ಶ್ರೀನಿವಾಸಪುರದ ಬಸ್ಸು ಹತ್ತಿಬಿಟ್ಟಿದ್ದರು.

ಯಾವ ಅಜ್ಜಿ ಹೀಗೆ ಮಾಡುತ್ತಾಳೆ ಹೇಳಿ?

ಈ ಅಂಕಣದ ಹಳೆಯ ಓದುಗರಿಗೆ ನಮ್ಮತ್ತೆ ವೆಂಕಟಮ್ಮ ಹೊಸಬರಲ್ಲ. ಹೊಸಬರಿಗಾಗಿ ಒಂದು ಮಾತು. ಅವರು ನನಗೆ ಎರಡೆರಡು ಸಲ ಅತ್ತೆ. ಅಪ್ಪನ ತಂಗಿ, ಜೊತೆಗೆ ಹೆಂಡತಿ ಸರೋಜಳ ತಾಯಿ. ಹಾಗಾಗಿ ಅಳಿಯ ದೇವರು ಅನ್ನುವ ಮರ್ಯಾದೆ ನನಗೆ ಸಿಕ್ಕಿದ್ದು ಧಾರೆಯ ದಿನ ಮಾತ್ರ. ಮಾರನೇ ದಿನದಿಂದ ಮತ್ತೆ ‘ಲೇ ರಾಮು’. ಊರು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ಕಸುಬು ರೇಷ್ಮೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಸಿಟ್ಟು ಬಂದರೆ ಪೂರ್ತಿ ತೆಲುಗು.

ನಡೆದದ್ದು ಹೋದ ತಿಂಗಳು, ಧನುರ್ಮಾಸದ ಚಳಿಯಲ್ಲಿ. ಹುಳದ ಕೆಲಸಕ್ಕೆ ಆಸರೆಯಾಗಲಿ ಅಂತ ಸರೋಜ ಮಕ್ಕಳಿಬ್ಬರನ್ನೂ ಕರೆದುಕೊಂಡು ತಾಯಿಯ ಮನೆಗೆ ಹೋಗಿದ್ದಳು. ನಾನು ಕೋಲಾರದಲ್ಲಿ ಹೋಟೆಲ್ ಇಡ್ಲಿ ತಿಂದುಕೊಂಡು ಸುಖವಾಗಿದ್ದೆ. (ಈ ವಾಕ್ಯವನ್ನು ಅವಳು ಓದುತ್ತಾಳೆ, ಗೊತ್ತು.)

ರೇಷ್ಮೆ ಮಾಡುವ ಮನೆಯನ್ನು ನೀವು ನೋಡಿದ್ದೀರಾ? ಅಲ್ಲಿ ಯಜಮಾನರು ಮನುಷ್ಯರಲ್ಲ, ಹುಳ. ಒಳಗಿನ ಬೆಚ್ಚಗಿನ ಕೋಣೆಗಳೆಲ್ಲ ಅವಕ್ಕೆ, ಹೊರಗಿನ ಜಗಲಿ ನಮಗೆ. ಘಾಟು ಬಡಿಯುತ್ತದೆ ಅಂತ ಒಗ್ಗರಣೆ ಹಾಕುವುದು ಹಿತ್ತಲಲ್ಲಿ. ಔಷಧಿ ನೀರಿನಲ್ಲಿ ಕೈಕಾಲು ತೊಳೆಯದೆ ಒಳಗೆ ಪ್ರವೇಶವಿಲ್ಲ. ಒಮ್ಮೆ ನನ್ನ ಅಂಗಿಯಲ್ಲಿ ಸಿಗರೇಟ್ ವಾಸನೆ ಬಂತೆಂದು ಅತ್ತೆ ನನ್ನನ್ನು ಬಾಗಿಲಲ್ಲೇ ತಡೆದು, ಅಲ್ಲಿಂದಲೇ ಬಸ್ ಸ್ಟ್ಯಾಂಡಿನ ದಾರಿ ತೋರಿಸಿದ್ದರು.

ಅಂಥ ಅತ್ತೆ, ಮಗುವಿಗೆ ನೆಗಡಿಯಾದಾಗ ಏನು ಮಾಡಿದರು ಗೊತ್ತೇ? ಎಳೆಯ ಹುಳಗಳನ್ನು ಸಾಕುವ ಒಳಕೋಣೆಯಲ್ಲಿ ಅವನನ್ನು ಮಲಗಿಸಿದರು. ಕಿಟಕಿ ಮುಚ್ಚಿ, ಬಾಗಿಲಿಗೆ ಗೋಣಿ ಇಳಿಬಿಟ್ಟು, ಮೂಲೆಯಲ್ಲಿ ಇದ್ದಿಲ ಕೆಂಡ ಇಡುವ ಕೋಣೆ ಅದು. ಇಡೀ ಮನೆಯಲ್ಲಿ ಅಷ್ಟು ಬೆಚ್ಚಗಿನ, ಅಷ್ಟು ಚೊಕ್ಕಟವಾದ ಜಾಗ ಇನ್ನೊಂದಿಲ್ಲ. ಅವರ ಕೈಲಿದ್ದ ಅತಿ ಒಳ್ಳೆಯದನ್ನೇ ಮೊಮ್ಮಗನಿಗೆ ಕೊಟ್ಟಿದ್ದರು. ದೊಡ್ಡಪತ್ರೆ ರಸ ಹಿಂಡಿದರು, ಎದೆಗೆ ಹರಳೆಣ್ಣೆ ಹಚ್ಚಿ ವೀಳ್ಯದೆಲೆ ಶಾಖ ಕೊಟ್ಟರು.

“ಶೀತ ಎದೇಲಿ ಕೂತೈತೆ. ಬೆಚ್ಚಗಿಟ್ರೆ ಕರಗ್ತೈತೆ ಕಣೇ,” ಎಂದು ಮಗಳಿಗೆ ಸಮಾಧಾನ ಹೇಳಿದರು.

ಕರಗಲಿಲ್ಲ. ಭಾನುವಾರ ನಾನು ಹೋಗಿ ನೋಡಿದಾಗ ಮಗ ಸೀನಿ ಅಳುತ್ತಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಊರೇ ಎದ್ದು ಬರುವಂತೆ ಅಳುವ ಮಗು ಅದು. ಈಗ ಅವನಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ, ಬರೀ ಉಸಿರಾಡುವುದೇ ಕೆಲಸವಾಗಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಮೊಲೆಗೆ ಹಿಡಿದರೆ ಬಾಯಿ ತೆರೆದು ಹಾಗೇ ಬಿಟ್ಟುಬಿಡುತ್ತಿದ್ದ.

“ಪಕ್ಕೆ ಹೊಡ್ಕೊಳ್ತಾ ಐತೆ,” ಎಂದರು ಎದುರು ಮನೆಯವರು. “ಡೊಕ್ಕಲು ಎಗರೇಸ್ತಾ ಉಂಡಾಡು,” ಎಂದರು ಅತ್ತೆ. ಮಗುವನ್ನೆತ್ತಿಕೊಂಡು ಎಲ್ಲರೂ ಹತ್ತಿದ ಕೋಲಾರದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಮುಳಬಾಗಿಲಿನ ಸಾಬರ ಹೆಂಗಸು ಸೆರಗು ಸರಿಸಿ ನೋಡಿದವರೇ, “ಬಚ್ಚೇಕಿ ಪಸ್ಲಿ ಚಲ್ರೀ! ಜಲ್ದಿ ಲೇಜಾವ್,” ಎಂದು ಎದೆ ಮುಟ್ಟಿಕೊಂಡರು. ಮೂರು ಭಾಷೆ, ಮೂರರಲ್ಲೂ ಪಕ್ಕೆಯದೇ ಮಾತು. ನಮ್ಮ ಸೀಮೆಯ ತಾಯಂದಿರು ಪುಸ್ತಕ ಓದದಿದ್ದರೂ ನೋಡಬೇಕಾದ ಜಾಗವನ್ನು ಸರಿಯಾಗಿಯೇ ನೋಡಿದ್ದಾರೆ. ಆದರೆ ಪಕ್ಕೆಯ ಒಳಗೆ ಏನು ನಡೆಯುತ್ತಿದೆ? ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಬಿ.ಎ. ಮಾಡಿದ ನನಗೂ.

ನರ್ಸಿಂಗ್ ಹೋಂ ಚಿಕ್ಕದು. ಡಾಕ್ಟರಮ್ಮ ಇನ್ನೂ ಚಿಕ್ಕವರು. ಮಗುವಿನ ಅಂಗಿ ಬಿಚ್ಚಿಸಿ, ಮುಟ್ಟದೆ, ಮಾತಾಡದೆ, ಗಡಿಯಾರ ಹಿಡಿದು ಅವನ ಹೊಟ್ಟೆಯನ್ನೇ ನೋಡುತ್ತ ನಿಂತರು. ಆಮೇಲೆ ಸ್ಟೆತಸ್ಕೋಪು. ಆಮೇಲೆ ಎಕ್ಸ್‌ರೇ. ಅದು ಬಂದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು.

“ನೋಡಿ. ಈ ಕಡೆ ಕಪ್ಪಗಿದೆಯಲ್ಲ, ಅದು ಗಾಳಿ. ಆ ಕಡೆ ಬೆಳ್ಳಗಿದೆ. ಅಲ್ಲಿ ಗಾಳಿ ಇಲ್ಲ.”

“ಮತ್ತೇನಿದೆ?”

“ನೀರು, ಕೀವು. ನ್ಯುಮೋನಿಯಾ. ಶ್ವಾಸಕೋಶಕ್ಕೆ ಇನ್‌ಫೆಕ್ಷನ್.”

ನಾನು ಆ ಹಾಳೆಯನ್ನು ನೋಡುತ್ತಲೇ ಇದ್ದೆ. ನನ್ನ ಮಗನ ಒಳಗು! ಅಂಗೈ ಅಗಲದ ಎದೆ. ಹೆದರಿಕೆಯ ನಡುವೆಯೂ, ದೇವರಾಣೆ, ನನಗೆ ಬೆರಗಾಯಿತು. ಆಕೆಗೂ ಹೇಳುವ ಹುರುಪು. ಮೂಗಿನಿಂದ ಇಳಿದ ಕೊಳವೆ ಎರಡಾಗಿ ಒಡೆಯುತ್ತದಂತೆ. ಎರಡು ನಾಲ್ಕಾಗುತ್ತವೆ, ಕವಲು ಒಡೆಯುತ್ತ ಒಡೆಯುತ್ತ ಕೂದಲಿಗಿಂತ ಸಣ್ಣದಾಗುತ್ತವೆ. ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಚೀಲಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಲೆಕ್ಕವಿಲ್ಲದಷ್ಟು. ದೊಡ್ಡವರ ಎದೆಯಲ್ಲಿರುವುದನ್ನೆಲ್ಲ ಬಿಚ್ಚಿ ನೆಲಕ್ಕೆ ಹಾಸಿದರೆ ಒಂದು ದೊಡ್ಡ ಅಂಗಳವೇ ಬೇಕಂತೆ! ಚೀಲದ ಗೋಡೆ ಎಷ್ಟು ತೆಳುವೆಂದರೆ ಒಳಗಿನ ಗಾಳಿ ಹೊರಗಿನ ರಕ್ತಕ್ಕೆ ದಾಟಿಕೊಳ್ಳುತ್ತದೆ. ನಾವು ಬೀಡಿ ಸೇದುವಾಗ, ಬೈಯುವಾಗ, ಬಸ್ಸಿಗೆ ಓಡುವಾಗಲೂ ಈ ಕೆಲಸ ನಡೆದೇ ಇರುತ್ತದೆ. ಇಷ್ಟು ವರ್ಷ ಉಸಿರಾಡಿದ್ದೇನೆ, ಒಂದು ದಿನವಾದರೂ ಯೋಚಿಸಿದ್ದೆನೇ?

ಆ ಚೀಲಗಳೊಳಗೆ ರೋಗಾಣು ಸೇರಿ ಹೆಚ್ಚುತ್ತದೆ. ಅದನ್ನು ಎದುರಿಸಲು ಮೈ ತನ್ನ ಸೈನ್ಯ ಕಳಿಸುತ್ತದೆ. ಜಗಳದಲ್ಲಿ ಚೀಲದ ತುಂಬ ನೀರು, ಕೀವು. ಗಾಳಿಗೆ ಜಾಗವಿಲ್ಲ. ಉಳಿದ ಚೀಲಗಳಿಂದಲೇ ಸಂಸಾರ ತೂಗಿಸಬೇಕು, ಅದಕ್ಕೇ ಮಗು ಅಷ್ಟು ಬೇಗ ಬೇಗ ಉಸಿರೆಳೆಯುವುದು. ಚಳಿಯೊಂದರಿಂದಲೇ ಹೀಗಾಗುವುದಿಲ್ಲ. ಮುಚ್ಚಿದ ಕೋಣೆಯ ಹೊಗೆ ಎಳೆಯ ಶ್ವಾಸಕೋಶದ ಶಕ್ತಿ ಕುಂದಿಸುತ್ತದೆ, ರೋಗಾಣುವಿಗೆ ದಾರಿ ಸಲೀಸಾಗುತ್ತದೆ. ಇಷ್ಟನ್ನೂ ಆಕೆ ನನಗೆ ಹೇಳಿದರು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಏನಂತಾರೆ? ನನಗೂ ಹೇಳ್ಲಾ,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಎದ್ದು ಬಂದರು. ಅವರೂ ನಮ್ಮ ಸೀಮೆಯ ಮುಳಬಾಗಿಲು ಕಡೆಯವರೇ, ತಾತನ ಮನೆಯಲ್ಲಿ ರೇಷ್ಮೆ ಮಾಡುತ್ತಿದ್ದರಂತೆ. ಅತ್ತೆಯ ಕೈ ಹಿಡಿದುಕೊಂಡು ಕೇಳಿದರು. “ಅಜ್ಜಿ, ಹುಳಕ್ಕೆ ಹಾಲುರೋಗ ಬರ್ತದಲ್ಲ, ನೋಡಿದ್ದೀರಾ?”

“ನೋಡ್ದೆ ಇರ್ತೀನಾ ತಾಯಿ?”

“ಮೈಯೆಲ್ಲ ಊದ್ಕೊಂಡು, ಒಳಗೆಲ್ಲ ಬೆಳ್ಳಗೆ ರಸ ತುಂಬ್ಕೊಳ್ಳುತ್ತಲ್ವಾ? ಕಣ್ಣಿಗೆ ಕಾಣದ ರೋಗಾಣು ಒಳಗೆ ಸೇರಿರುತ್ತೆ. ಮಗು ಎದೇಲೂ ಹಂಗೇ. ರೋಗಾಣು ಸೇರಿ ಉಸಿರಿನ ಚೀಲದಲ್ಲೆಲ್ಲ ಕೀವು ತುಂಬಿದೆ.”

ಎಷ್ಟು ಸೊಗಸಾದ ವಿವರಣೆ! ನಾನು ಮೆಚ್ಚಿ ತಲೆದೂಗಿದೆ. ಅತ್ತೆಗೆ ತಕ್ಷಣ ಅರ್ಥವಾಯಿತು. ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಅಂಟ್ತದಾ?” ಎಂದಷ್ಟೇ ಕೇಳಿದರು.

“ಕೆಮ್ಮಿದಾಗ ಬೇರೆ ಮಕ್ಕಳಿಗೂ ಬರಬಹುದು. ದೊಡ್ಡ ಮಗೂನ ಸ್ವಲ್ಪ ದೂರ ಇಟ್ಟಿರಿ,” ಎಂದು ಡಾಕ್ಟರಮ್ಮ ಒಳಗೆ ಹೋಗಿ ಇಂಜೆಕ್ಷನ್ ಬರೆದು ನನ್ನ ಕೈಗೆ ಕೊಟ್ಟರು.

ಚೀಟಿ ಹಿಡಿದು ನಾನು ಅಂಗಡಿಗೆ ಹೋದೆ. ಬಂದು ನೋಡಿದರೆ ಅತ್ತೆಯೂ ಇಲ್ಲ, ಮಗಳು ಗೀತಾಳೂ ಇಲ್ಲ. ಆಯಾ ಹೇಳಿದಳು. “ಆಯಮ್ಮ ಮಗೂನ ಎತ್ಕೊಂಡು ಹೊರಟೇ ಹೋದ್ರು ಸಾರ್. ಕೂಗಿದ್ರೂ ತಿರುಗಿ ನೋಡ್ಲಿಲ್ಲ.”

ಸರೋಜ ಅಳಲಿಲ್ಲ. ಕಲ್ಲಿನ ಹಾಗೆ ಕೂತಳು. “ನಮ್ಮಮ್ಮ ನನ್ನ ಮಗೂನ ಬಿಟ್ಟಾಕ್ಬಿಟ್ಳು ರೀ,” ಎಂದಳು. ನನಗೂ ಸಿಟ್ಟೇರಿತು. ಬೇರೆಯವರಾಗಿದ್ದರೆ ಹೋಗಲಿ ಅನ್ನಬಹುದಿತ್ತು, ಹೆತ್ತ ತಾಯಿ! ಮಗಳಿಗೆ ಬೇಕಾದ ಹೊತ್ತಿನಲ್ಲಿ ಬೆನ್ನು ತಿರುಗಿಸಿ ಹೋದರಲ್ಲ!

ಇಂಜೆಕ್ಷನ್ ಶುರುವಾಯಿತು. ಪೆನಿಸಿಲಿನ್. ಅದರ ಕಥೆಯನ್ನೂ ಡಾಕ್ಟರಮ್ಮನೇ ಹೇಳಿದರು. ಮೊದಲು ಅದು ಸಿಕ್ಕಿದ್ದು ಬೂಷ್ಟಿನಲ್ಲಂತೆ. ಹಳೇ ರೊಟ್ಟಿಯ ಮೇಲೆ ಹಸಿರಗೆ ಹಿಡಿಯುತ್ತದಲ್ಲ, ಆ ಜಾತಿಯದು. ಅತ್ತೆಯ ಊರಿನಲ್ಲಿ ಬೂಷ್ಟು ಅಂದರೆ ಯಮ. ಸುಣ್ಣಕಟ್ಟು ರೋಗ ತರುವುದೂ ಒಂದು ಥರದ ಬೂಷ್ಟೇ, ಹುಳವನ್ನು ಬೆಳ್ಳಗೆ ಸೀಮೆಸುಣ್ಣದ ತುಂಡಿನ ಹಾಗೆ ಮಾಡಿ ಕೊಂದುಬಿಡುತ್ತದೆ. ಅದರ ದಾಯಾದಿಯೊಂದು ನನ್ನ ಮಗನ ಪುಟ್ಟ ತೊಡೆಯೊಳಗೆ ಇಳಿದು, ರಕ್ತದಲ್ಲಿ ದಾರಿ ಹುಡುಕಿಕೊಂಡು ಎದೆಗೆ ಹೋಗಿ, ಅಲ್ಲಿನ ರೋಗಾಣುವನ್ನು ಮಾತ್ರ ಆರಿಸಿ ಕೊಲ್ಲುತ್ತದೆ. ಯೋಚಿಸಿದರೆ ಮೈ ಜುಮ್ಮೆನ್ನುವುದಿಲ್ಲವೇ? ದೇವಸ್ಥಾನದಲ್ಲೂ ನಾನು ಅಷ್ಟು ಭಕ್ತಿಯಿಂದ ಕೈಮುಗಿದವನಲ್ಲ, ಆ ಸೀಸೆಗೆ ಮುಗಿದೆ. ನರ್ಸ್ ನಕ್ಕಳು. ನಗಲಿ.

ಆದರೂ ಮೊದಲು ಏನೂ ಆಗಲಿಲ್ಲ. ಪಕ್ಕೆ ಹಾಗೇ ಸೆಳೆಯುತ್ತಿತ್ತು. ನಾವಿಬ್ಬರೂ ಅವನ ಹೊಟ್ಟೆಯನ್ನೇ ನೋಡುತ್ತ ಕೂತೆವು. ಅದು ಇಳಿದಾಗ ನಮ್ಮ ಉಸಿರು ನಿಲ್ಲುತ್ತಿತ್ತು, ಏರಿದಾಗ ಬರುತ್ತಿತ್ತು. ಹೀಗೆ ಎರಡು ಮೂರು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಅವನ ಹಣೆ ಬೆವರಿತು. ಜ್ವರ ಇಳಿದಿತ್ತು. ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಸೀನಿ ಕಣ್ಣು ಬಿಟ್ಟು, ತಾಯಿಯ ಸೆರಗು ಎಳೆದು, ಹಾಲು ಕುಡಿದ. ಪೂರ್ತಿ ಕುಡಿದ. ಆಮೇಲೆ ಅತ್ತ. ಅಬ್ಬಾ, ಏನು ಅಳು ಅದು! ಅಂಥ ಸಂಗೀತವನ್ನು ನಾನು ರೇಡಿಯೋದಲ್ಲಿ ಕೇಳಿಲ್ಲ.

ಡಾಕ್ಟರಮ್ಮ ನನ್ನ ಕಿವಿಗೆ ಸ್ಟೆತಸ್ಕೋಪು ಸಿಕ್ಕಿಸಿದರು. ಬೆನ್ನಿನ ಒಂದು ಕಡೆ ಉಸಿರು ಸರಾಗವಾಗಿ ಬಂದು ಹೋಗುತ್ತಿತ್ತು. ಇನ್ನೊಂದು ಕಡೆ ಏನೋ ಚಿಟಿಪಿಟಿ ಸದ್ದು. ನಾನು ಗಾಬರಿಯಾದೆ.

“ಹೆದರಬೇಡಿ. ಮೊದಲ ದಿನ ಇಲ್ಲಿ ಸರಿಯಾಗಿ ಉಸಿರೇ ಕೇಳ್ತಿರಲಿಲ್ಲ, ಮುಚ್ಚಿಹೋಗಿತ್ತು. ಈಗ ಅಂಟಿಕೊಂಡಿದ್ದ ಚೀಲಗಳು ಒಂದೊಂದಾಗಿ ತೆರೆದುಕೊಳ್ತಿವೆ. ಅದರ ಸದ್ದು ಇದು.”

ಒಂದೊಂದಾಗಿ! ನಾನು ಇನ್ನೊಂದು ಸಲ ಕೇಳಿದೆ. ಮತ್ತೊಂದು ಸಲ ಕೇಳಿದೆ. ಕೊನೆಗೆ ಅವರೇ ಕಿತ್ತುಕೊಂಡರು.

ಸೀನಿ ಗೆದ್ದ. ಇನ್ನುಳಿದದ್ದು ಅತ್ತೆಯ ಜೊತೆ ಜಗಳ. ಶ್ರೀನಿವಾಸಪುರದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋದೆ. ಚೆನ್ನಾಗಿಯೇ ಜೋಡಿಸಿದ್ದೆ. (ಬರೆಯುವವನ ಚಟ.)

ಜಗಲಿಯ ಮೇಲೆ ನಾಲ್ಕೈದು ಹೆಂಗಸರು ಸುಮ್ಮನೆ ಕೂತಿದ್ದರು. ನಡುವೆ ಅತ್ತೆ. ತಲೆ ಬಾಚಿರಲಿಲ್ಲ. ಗೀತಾ ಅಂಗಳದಲ್ಲಿ ಆಡುತ್ತಿದ್ದಳು. ಅತ್ತೆ ನನ್ನನ್ನು ನೋಡಿದರು, ಎದ್ದೇಳಲಿಲ್ಲ. ಕಂಬಕ್ಕೆ ಒರಗಿಕೊಂಡೇ ಕೇಳಿದರು.

“ಎಷ್ಟೊತ್ತಿಗೆ ಹೋಯ್ತಪ್ಪಾ?”

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತೆ.

“ಅತ್ತೆ, ಸೀನಿ ಹಾಲು ಕುಡಿದ.”

“ಸುಳ್ಳು ಹೇಳ್ಬ್ಯಾಡ ಕಣ್ಲಾ. ನನ್ನ ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ.”

“ನಿನ್ನಾಣೆ. ಅತ್ತ. ಜೋರಾಗಿ ಅತ್ತ.”

“ಹಾಲುರೋಗ ಬಂದಿದ್ದು ಏಳಲ್ಲ ನಾಯನಾ,” ಎಂದರು ಅತ್ತೆ, ಮಗುವಿಗೆ ಹೇಳುವಷ್ಟು ಮೆಲ್ಲಗೆ. “ಮದುವೆಯಾಗಿ ಬಂದಾಗಿಂದ ಹುಳ ಸಾಕ್ತಾ ಇದೀನಿ. ಒಂದಾದ್ರೂ ಎದ್ದಿದ್ದು ನಾನು ಕಂಡಿಲ್ಲ. ಅದಕ್ಕೆ ಮದ್ದಿಲ್ಲ. ಕಡ್ಡೀಲಿ ಎತ್ತಿ ಸುಣ್ಣದ ಬಟ್ಟಲಿಗೆ ಹಾಕೋದು, ಮಿಕ್ಕಿದ್ದನ್ನ ಬೇರೆ ತಟ್ಟೆಗೆ ಮಾಡಿ ಉಳಿಸ್ಕೊಳೋದು, ಅಷ್ಟೇ. ಶೀತ ಅಂತಿದ್ದೆ, ಕಷಾಯ ಮಾಡ್ತಿದ್ದೆ, ಧೈರ್ಯವಾಗಿದ್ದೆ. ಆಯಮ್ಮ ಹಾಲುರೋಗ ಅಂದ್ಳು. ಅಂಟ್ತದೆ ಅಂದ್ಳು. ಮುಗೀತು ಅಂದ್ಕೊಂಡೆ. ಸರೋಜನ್ನ ಎಬ್ಬಿಸಿದ್ರೆ ಮಗು ಬಿಟ್ಟು ಬರ್ತಾಳಾ? ಗೀತಾನಾದ್ರೂ ಉಳಿಸೋಣ ಅಂತ ಎತ್ಕೊಂಡು ಬಂದೆ. ಅವನ ಮುಖ ನೋಡಿದ್ರೆ ಕಾಲು ಬರ್ತಿರಲಿಲ್ಲ, ನೋಡದೆ ಬಂದೆ.”

ನಾನು ಜೋಡಿಸಿಕೊಂಡು ಹೋಗಿದ್ದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅತ್ತೆಗೆ ಅರ್ಥವಾಗದೆ ಓಡಿಹೋದರು ಅಂದುಕೊಂಡಿದ್ದೆನಲ್ಲ! ಅರ್ಥವಾಗಿತ್ತು. ಹೇಳಿದಷ್ಟೂ ಅರ್ಥವಾಗಿತ್ತು. ಹೇಳದೆ ಉಳಿಸಿದ್ದನ್ನು ಅವರ ಹುಳದ ಮನೆಯ ನ್ಯಾಯ ತುಂಬಿಸಿಕೊಂಡಿತ್ತು. ಇಷ್ಟು ದಿನ ಆ ಹೆಂಗಸು ಬದುಕಿರುವ ಮೊಮ್ಮಗನಿಗಾಗಿ ಸೂತಕ ಕೂತಿದ್ದರು.

“ಏಳು ಅತ್ತೆ, ಹೋಗೋಣ,” ಎಂದೆ. ಹುಳಗಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಮನೆಯವರು ಊಟ ಬಿಟ್ಟರೂ ಹುಳ ಬಿಟ್ಟು ಕದಲದ ಹೊತ್ತು ಅದು. ಅತ್ತೆ ಎದುರು ಮನೆಯವರಿಗೆ “ನೋಡ್ಕೊಳ್ರೇ” ಎಂದಷ್ಟೇ ಹೇಳಿ, ಚಪ್ಪಲಿ ಕೂಡ ಮೆಟ್ಟದೆ ನನ್ನ ಹಿಂದೆ ಹೊರಟರು. ಗೀತಾಳನ್ನು ಮಾತ್ರ ಕರೆತರಲು ಒಪ್ಪಲಿಲ್ಲ. ಒಂದು ಮೊಮ್ಮಗು ಬದುಕಿದೆ ಅಂತ ಇನ್ನೊಂದನ್ನು ಪಣಕ್ಕಿಡುವ ಜನವಲ್ಲ ಅವರು.

ಆಸ್ಪತ್ರೆಯ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. ಸರೋಜ ನೋಡಿದಳು, ಮುಖ ತಿರುಗಿಸಿದಳು. ನಾನು ಹತ್ತಿರ ಹೋಗಿ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಕೇಳಿದವಳೇ ಎದ್ದು ಹೋಗಿ, ಮಗುವನ್ನು ತಾಯಿಯ ತೋಳಿಗೆ ಹಾಕಿದಳು.

ಅತ್ತೆ ಅವನನ್ನು ತಿರುಗಿಸಿ ತಿರುಗಿಸಿ ನೋಡಿದರು. ಉಗುರು ನೋಡಿದರು, ತುಟಿ ನೋಡಿದರು. ಸೀನಿ ಅವರ ಮೂಗುತಿಗೆ ಕೈ ಹಾಕಿದ. ಅಷ್ಟರಲ್ಲಿ ಡಾಕ್ಟರಮ್ಮ ಬಂದು, ನನ್ನ ಮಾತಿನಿಂದ ವಿಷಯ ತಿಳಿದುಕೊಂಡರು. ಆಮೇಲೆ ಸ್ಟೆತಸ್ಕೋಪು ತೆಗೆದು ಅತ್ತೆಯ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಮಗುವಿನ ಬೆನ್ನಿಗೆ ಹಿಡಿದರು.

ಅತ್ತೆ ಕಣ್ಣು ಮುಚ್ಚಿದರು. ಆ ಮುಖ ಬದಲಾದದ್ದನ್ನು ನಾನು ನೋಡಿದೆ.

“ಸರೋಜಾ, ಸೊಪ್ಪು ತಿಂತಾ ಐತೆ ಕಣೇ!” ಎಂದರು.

ಹಣ್ಣಾಗುವ ಮುಂಚೆ ಹುಳಗಳು ಹಸಿದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬೀಳುತ್ತವೆ. ಆಗ ಕತ್ತಲೆ ಕೋಣೆಯ ತುಂಬ ಚಿಟಿಪಿಟಿ ಎಂದು ಒಂದೇ ಸಮ ಸದ್ದು. ರೋಗ ಬಿದ್ದ ಹುಳ ತಿನ್ನುವುದಿಲ್ಲ. ಆ ಸದ್ದು ಕೇಳಿತೆಂದರೆ ಸಾಕುವವರು ನಿಶ್ಚಿಂತೆಯಿಂದ ಮಲಗುತ್ತಾರೆ. ನನ್ನ ಮಗನ ಎದೆಯಲ್ಲಿ ತೆರೆದುಕೊಳ್ಳುತ್ತಿದ್ದ ಕೋಟ್ಯಂತರ ಚೀಲಗಳ ಸದ್ದನ್ನು ಕೇಳಿ ಗಾಬರಿಯಾದವನು ನಾನು. ಅತ್ತೆ ಕೇಳಿ ಅತ್ತರು. ತಾಯಿ ಮಗಳು ಇಬ್ಬರೂ ಅತ್ತರು. ನಾನು ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡುತ್ತ ನಿಂತೆ. (ಗಂಡಸರಿಗೆ ಇಂಥ ಹೊತ್ತಿನಲ್ಲಿ ರಸ್ತೆ ಬಹಳ ಚೆನ್ನಾಗಿ ಕಾಣುತ್ತದೆ.)

ಕಣ್ಣೊರೆಸಿಕೊಂಡ ಮೇಲೆ ಅತ್ತೆ ಅತ್ತೆಯಾದರು. ಡಾಕ್ಟರಮ್ಮನ ಕಡೆ ತಿರುಗಿದರು.

“ಅಲ್ಲಮ್ಮಾ, ಹುಳದ ಕಾಯಿಲೆ ಅಂದೆ, ರಸ ಅಂದೆ, ಅಂಟ್ತದೆ ಅಂದೆ. ಮನುಷ್ಯರದಕ್ಕೆ ಮದ್ದೈತೆ ಅಂತ ಯಾಕಮ್ಮಾ ಹೇಳ್ಲಿಲ್ಲ?”

ಡಾಕ್ಟರಮ್ಮ ತಲೆ ತಗ್ಗಿಸಿದರು. “ಅವತ್ತು ಮಗು ಉಳಿಯುತ್ತೆ ಅಂತ ನನಗೇ ಖಾತ್ರಿ ಇರಲಿಲ್ಲ ಅಜ್ಜಿ.”

“ಖಾತ್ರಿ ಯಾರು ಕೇಳಿದ್ರು?” ಎಂದರು ಅತ್ತೆ. “ಮದ್ದೈತೆ ಅಂದಿದ್ರೆ ಸಾಕಾಗಿತ್ತು. ನಾನು ನನ್ನ ಮಗಳ ಪಕ್ಕ ಕೂತಿರ್ತಿದ್ದೆ.”

ಸೀನಿ ಈಗ ಮನೆಯಲ್ಲಿದ್ದಾನೆ. ಮೇಜಿನ ಕೆಳಗೆ ಕೂತು ಈ ಬರಹದ ಮೊದಲ ಪುಟವನ್ನು ಹರಿದಿದ್ದಾನೆ, ಎರಡನೇ ಸಲ ಬರೆಯುತ್ತಿದ್ದೇನೆ. ಅತ್ತೆಯ ಪ್ರಶ್ನೆ ಮಾತ್ರ ಕಿವಿಯಿಂದ ಹೋಗುತ್ತಿಲ್ಲ. ಕಣ್ಣಿಗೆ ಕಾಣದ ರೋಗಾಣು, ಕಣ್ಣಿಗೆ ಕಾಣದ ಗಾಳಿಚೀಲ, ಎಲ್ಲವನ್ನೂ ಹಳ್ಳಿಯ ಅಜ್ಜಿಗೂ ಅರ್ಥವಾಗುವ ಹಾಗೆ ಹೇಳುವುದನ್ನು ನಾವು ಓದಿದವರು ಕಲಿತಿದ್ದೇವೆ. ಸಂತೋಷ.

ಹೆದರಿದವರಿಗೆ ಮೊದಲು ಹೇಳಬೇಕಾದ ಮಾತು ಯಾವುದು ಅಂತ ನಮಗೆ ಕಲಿಸುವವರು ಯಾರು?